ಒಂದು ಕುದುರೆ, ಇಬ್ಬರು ವಕೀಲರು, ತೂಕ ಇಳಿಸೋ ಮಾತ್ರೆ

ಇವತ್ತು ಒಂದು ಕುದುರೆಯಿಂದ ಶುರು ಮಾಡೋಣ. ಹೆಸರು ಕರ್ಲಿನ್. 2007ರಲ್ಲಿ ಅಮೆರಿಕದ ಪ್ರೀಕ್‌ನೆಸ್ ಗೆದ್ದಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಬ್ರೀಡರ್ಸ್ ಕಪ್ ಕ್ಲಾಸಿಕ್ ಕೂಡ ಗೆದ್ದಿತು. ಆದರೆ ಅದರಲ್ಲಿ ಪಾಲು ಇಟ್ಟುಕೊಂಡಿದ್ದ ಇಬ್ಬರು ವಕೀಲರು ಆ ದಿನ ರೇಸ್‌ಕೋರ್ಸ್‌ನಲ್ಲಿ ಇರಲಿಲ್ಲ. ಜೈಲಲ್ಲಿದ್ದರು. ಯಾಕೆ ಅಂತ ಕೇಳಿದರೆ, ಕಥೆ ತೂಕ ಇಳಿಸೋ ಮಾತ್ರೆಗೆ ಹೋಗಿ ನಿಲ್ಲುತ್ತೆ.

ಮಾತ್ರೆಯ ಹೆಸರು ಫೆನ್-ಫೆನ್. ಇದು ಒಂದೇ ಔಷಧಿ ಅಲ್ಲ, ಎರಡರ ಜೋಡಿ. ಫೆನ್‌ಫ್ಲುರಮೈನ್ ಮತ್ತು ಫೆಂಟರ್ಮಿನ್. ಬೇರೆ ಬೇರೆಯಾಗಿ ಎರಡಕ್ಕೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಇತ್ತು. ಜೋಡಿಯಾಗಿ ತಗೊಳ್ಳೋದಕ್ಕೆ ಯಾವತ್ತೂ ಇರಲಿಲ್ಲ. 1992ರಲ್ಲಿ ಒಂದು ಅಧ್ಯಯನ ಬಂತು, ಎರಡನ್ನೂ ಸೇರಿಸಿ ಕೊಟ್ಟರೆ ತೂಕ ಇಳಿಯುತ್ತೆ ಅಂತ. ಅಷ್ಟೇ ಸಾಕಾಯ್ತು. 1996 ಒಂದೇ ವರ್ಷದಲ್ಲಿ ವೈದ್ಯರು ಬರೆದ ಚೀಟಿಗಳ ಸಂಖ್ಯೆ 1.8 ಕೋಟಿ ದಾಟಿತು.

1997ರ ಜುಲೈನಲ್ಲಿ ಮೇಯೋ ಕ್ಲಿನಿಕ್‌ನ ವೈದ್ಯರು 24 ಹೆಂಗಸರ ವಿವರ ಹೊರಗಿಟ್ಟರು. ಎಲ್ಲರೂ ಈ ಜೋಡಿ ತಗೊಂಡವರು, ಎಲ್ಲರ ಹೃದಯದ ಕವಾಟ ಹಾಳಾಗಿತ್ತು. ಕವಾಟ ಅಂದ್ರೆ ವಾಲ್ವ್. ರಕ್ತ ಮುಂದಕ್ಕೆ ಹೋಗಬೇಕಾದದ್ದು ಹಿಂದಕ್ಕೆ ಸೋರುತ್ತೆ. ಇನ್ನು ಕೆಲವರಿಗೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿತು, ಸಾವುಗಳೂ ಆದವು. ಸೆಪ್ಟೆಂಬರ್ 15ಕ್ಕೆ ಫೆನ್‌ಫ್ಲುರಮೈನ್ ಮತ್ತು ಅದರ ತಮ್ಮ ರೆಡಕ್ಸ್ ಮಾರುಕಟ್ಟೆಯಿಂದ ಹೊರಗೆ. ಫೆಂಟರ್ಮಿನ್ ಮಾತ್ರ ಉಳಿಯಿತು, ಅಮೆರಿಕದಲ್ಲಿ ಇವತ್ತಿಗೂ ಸಿಗುತ್ತೆ.

ಆಮೇಲೆ ಕೇಸುಗಳ ಮಳೆ. ಕಂಪನಿ ಹೆಸರು ಅಮೆರಿಕನ್ ಹೋಮ್ ಪ್ರಾಡಕ್ಟ್ಸ್, ಮುಂದೆ ವೈಯತ್ ಅಂತಾಯ್ತು. ವಾದ ಒಂದೇ: ಅಪಾಯ ಗೊತ್ತಿತ್ತು, ಎಚ್ಚರಿಸಲಿಲ್ಲ. 1999ರಲ್ಲಿ ಕಂಪನಿ 375 ಕೋಟಿ ಡಾಲರ್‌ನ ರಾಷ್ಟ್ರೀಯ ರಾಜಿಗೆ ಒಪ್ಪಿತು, 2000ದಲ್ಲಿ ಫಿಲಡೆಲ್ಫಿಯಾದ ಫೆಡರಲ್ ಕೋರ್ಟ್ ಅದಕ್ಕೆ ಮುದ್ರೆ ಒತ್ತಿತು.

ಮೊತ್ತ ನೋಡಿ 'ವಾವ್' ಅನ್ಸುತ್ತೆ. ಆದರೆ ನಾನು ಓದಿದ್ದು ಬಿಕಾಂ, ನನಗೆ ಮೊದಲು ಕಾಣೋದು ಹಂಚಿಕೆಯ ಟೇಬಲ್. ಅದರಲ್ಲಿ ನಿಮ್ಮ ವಯಸ್ಸು, ಕವಾಟ ಎಷ್ಟು ಹಾಳಾಗಿದೆ ಅನ್ನೋದು, ಜೊತೆಗೆ ಎಷ್ಟು ದಿನ ಮಾತ್ರೆ ತಗೊಂಡಿರಿ ಅನ್ನೋದು. ಗಡಿ 61 ದಿನ. 61 ದಿನ ತಗೊಂಡವರು ಒಂದು ಸಾಲು, 60 ದಿನ ತಗೊಂಡವರು ಕಡಿಮೆ ದುಡ್ಡಿನ ಇನ್ನೊಂದು ಸಾಲು. ಹೃದಯ ಸೋರ್ತಿದ್ರೂ, ಎರಡನೇ ತಿಂಗಳ ಮೆಡಿಕಲ್ ಶಾಪ್ ದಾಖಲೆ ಇಲ್ಲದಿದ್ದರೆ ನಿಮ್ಮ ಸಾಲು ಬದಲಾಗುತ್ತೆ.

ಇದರಲ್ಲೂ ಆಟ ಆಡಿದವರಿದ್ದರು. ಕೆಲವು ಲಾಯರ್ ಆಫೀಸುಗಳು ಸಾಮೂಹಿಕವಾಗಿ ಎಕೋ ಪರೀಕ್ಷೆ ಮಾಡಿಸಿ, ಸಾಮಾನ್ಯ ಸೋರಿಕೆಯನ್ನೂ ಗಂಭೀರ ಅಂತ ಬರೆಸಿ ರಾಶಿ ಅರ್ಜಿ ಹಾಕಿದವು. 2002ರಲ್ಲಿ ನ್ಯಾಯಾಧೀಶರು ಒಂದೂ ಬಿಡದೆ ತಪಾಸಣೆ ಮಾಡಿ ಅಂದರು. ಸರಿಯಾದ ಆದೇಶವೇ. ಆದರೆ ನಿಜವಾಗಿ ಕವಾಟ ಹೋದವರೂ ಅದೇ ಕ್ಯೂನಲ್ಲಿ ಕಾಯಬೇಕಾಯ್ತು. ಸುಳ್ಳು ಕ್ಲೇಮ್ ಹಾಕಿದರೆ ದೊಡ್ಡ ಕಂಪನಿಗೆ ತಾನೇ ನಷ್ಟ ಅನ್ನೋವರಿಗೆ ನಾನು ಇದನ್ನೇ ಹೇಳೋದು.

ಈಗ ಕುದುರೆ ಮಾಲೀಕರು. ಕೆಂಟಕಿ ರಾಜ್ಯದಲ್ಲಿ ಸುಮಾರು 440 ಜನ ಈ ರಾಷ್ಟ್ರೀಯ ಒಪ್ಪಂದದಿಂದ ಹೊರಗುಳಿದು ತಮ್ಮದೇ ಕೇಸು ನಡೆಸಿದರು. ವಕೀಲರಲ್ಲಿ ಇಬ್ಬರು ವಿಲಿಯಂ ಗ್ಯಾಲಿಯನ್ ಮತ್ತು ಶರ್ಲಿ ಕನ್ನಿಂಗ್‌ಹ್ಯಾಮ್. (ಶರ್ಲಿ ಗಂಡಸೇ, ಗೊಂದಲ ಬೇಡ.) 2001ರಲ್ಲಿ ಕಂಪನಿ 20 ಕೋಟಿ ಡಾಲರ್ ಕೊಟ್ಟು ಕೇಸು ಮುಗಿಸಿತು. ಫೀಸಿನ ಕರಾರು ಸುಮಾರು ಮೂರನೇ ಒಂದು ಭಾಗ. ಅಂದ್ರೆ ಕಾಯಿಲೆ ಬಿದ್ದವರಿಗೆ ಸುಮಾರು 13 ಕೋಟಿ ಸೇರಬೇಕು, ಖರ್ಚು ಕಳೆದು. ಸೇರಿದ್ದು ಒಟ್ಟು ಮೊತ್ತದ ಅರ್ಧಕ್ಕಿಂತ ಕಡಿಮೆ. ಅದರಲ್ಲೂ ಎರಡನೇ ಕಂತು ಬಂದಿದ್ದು ವಕೀಲರ ಸಂಘದ ವಿಚಾರಣೆ ಶುರುವಾದ ಮೇಲೆ.

ಹೇಗೆ ಸಾಧ್ಯ ಆಯ್ತು? ಬಹಳ ಸರಳ. ಒಟ್ಟು ಎಷ್ಟು ಬಂತು ಅಂತ ಕಕ್ಷಿದಾರರಿಗೆ ಹೇಳಲೇ ಇಲ್ಲ. ಇದು ಗುಟ್ಟಿನ ಒಪ್ಪಂದ, ನಿಮ್ಮ ಪಾಲು ಇಷ್ಟು, ಇಲ್ಲಿ ಸಹಿ ಹಾಕಿ. ಪಕ್ಕದ ಮನೆಯವರಿಗೆ ಎಷ್ಟು ಬಂತು ಅಂತಲೂ ಕೇಳೋ ಹಾಗಿಲ್ಲ. 2 ಕೋಟಿ ಡಾಲರ್ ಒಂದು ದತ್ತಿ ನಿಧಿಗೆ ಹೋಯ್ತು. ಅದಕ್ಕೆ ಒಪ್ಪಿಗೆ ಕೊಟ್ಟ ನ್ಯಾಯಾಧೀಶರೇ ಮುಂದೆ ಅದೇ ನಿಧಿಯಲ್ಲಿ ಸಂಬಳ ತಗೊಳ್ಳೋ ನಿರ್ದೇಶಕರಾದರು! ಇದನ್ನ ಸಿನಿಮಾದಲ್ಲಿ ತೋರಿಸಿದರೆ ಓವರ್ ಆಯ್ತು ಅಂತೀವಿ. 2009ರಲ್ಲಿ ಗ್ಯಾಲಿಯನ್‌ಗೆ 25 ವರ್ಷ, ಕನ್ನಿಂಗ್‌ಹ್ಯಾಮ್‌ಗೆ 20 ವರ್ಷ ಶಿಕ್ಷೆ ಆಯ್ತು. ಅಷ್ಟು ಹೊತ್ತಿಗೆ ಮಾತ್ರೆ ಮಾರುಕಟ್ಟೆ ಬಿಟ್ಟು 12 ವರ್ಷ.

ಇದನ್ನ ಈಗ ಯಾಕೆ ಹೇಳ್ತಿದ್ದೀನಿ? ಅದೇ ಫಿಲಡೆಲ್ಫಿಯಾದ ಕೋರ್ಟಿನಲ್ಲಿ 2024ರ ಫೆಬ್ರವರಿಯಿಂದ ಇನ್ನೊಂದು ರಾಶಿ ಕೇಸು ಒಟ್ಟುಗೂಡಿದೆ. ಈ ಸಲ ಓಜೆಂಪಿಕ್, ವೆಗೋವಿ, ಮೌಂಜಾರೊ. ಕಂಪನಿಗಳು ನೊವೊ ನಾರ್ಡಿಸ್ಕ್ ಮತ್ತು ಎಲಿ ಲಿಲ್ಲಿ. ಹೊಟ್ಟೆಯ ಚಲನೆಯೇ ನಿಂತಂತಾಗುವ ಗ್ಯಾಸ್ಟ್ರೋಪರೇಸಿಸ್ ಬಂತು, ಸರಿಯಾಗಿ ಎಚ್ಚರಿಸಲಿಲ್ಲ ಅನ್ನೋದು ದೂರು. ಕಂಪನಿಗಳು ಒಪ್ಪಲ್ಲ. ಫೆನ್-ಫೆನ್‌ಗೂ ಇದಕ್ಕೂ ಸಮ ಅಂತ ನಾನು ಹೇಳ್ತಿಲ್ಲ. ಇವು ದೊಡ್ಡ ಪ್ರಯೋಗಗಳಾಗಿ ಅನುಮತಿ ಪಡೆದ ಔಷಧಿಗಳು, ಡಯಾಬಿಟಿಸ್ ಇರೋ ಎಷ್ಟೋ ಜನಕ್ಕೆ ನಿಜವಾಗಿ ಉಪಕಾರ ಆಗಿದೆ. ಸಮ ಇರೋದು ಪುರಾವೆಯ ಪ್ರಶ್ನೆ. 2025ರ ಆಗಸ್ಟ್‌ನಲ್ಲಿ ಅಲ್ಲಿನ ನ್ಯಾಯಾಧೀಶರು ಹೇಳಿದ್ದು: ಗ್ಯಾಸ್ಟ್ರೋಪರೇಸಿಸ್ ಅಂತ ಸಾಬೀತು ಮಾಡಬೇಕಾದ್ರೆ, ಊಟ ಹೊಟ್ಟೆಯಿಂದ ಎಷ್ಟು ಹೊತ್ತಿಗೆ ಖಾಲಿ ಆಗುತ್ತೆ ಅಂತ ಅಳೆಯೋ ಪರೀಕ್ಷೆ ಸರಿಯಾಗಿ ಆಗಿರಬೇಕು. ವಾಂತಿ ಆಯ್ತು, ಹೊಟ್ಟೆ ಉಬ್ಬಿತು ಅನ್ನೋದಷ್ಟೇ ಸಾಲಲ್ಲ.

ಮೌಂಜಾರೊ, ವೆಗೋವಿ ಎರಡೂ 2025ರಲ್ಲಿ ಭಾರತಕ್ಕೆ ಬಂದವು. ಮದುವೆಗೆ ಮುಂಚೆ ಸ್ವಲ್ಪ ಇಳಿಸ್ಕೊಳ್ಳೋಣ ಅಂತ ವಿಚಾರಿಸೋರು ನಿಮ್ಮ ಗೆಳೆಯರ ಗುಂಪಲ್ಲೂ ಇರಬಹುದು. ಇಲ್ಲಿ ತೊಂದರೆ ಆದರೆ ದಾರಿ ಏನು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನದಿಂದಾದ ಹಾನಿಗೆ ಅಂತಲೇ ಒಂದು ಅಧ್ಯಾಯ ಇದೆ. ದೋಷ ಇದ್ದರೂ, ತಕ್ಕ ಎಚ್ಚರಿಕೆ ಕೊಡದಿದ್ದರೂ ತಯಾರಕರು ಹೊಣೆ. ಆದರೆ 87ನೇ ಸೆಕ್ಷನ್ ಓದಿ. ತಜ್ಞರ ಮೇಲ್ವಿಚಾರಣೆಯಲ್ಲೇ ಬಳಸಬೇಕಾದ ವಸ್ತು ಆಗಿದ್ದು, ಆ ತಜ್ಞರಿಗೆ ಎಚ್ಚರಿಕೆ ಮುಟ್ಟಿಸೋಕೆ ಕಂಪನಿ ತಕ್ಕ ಕ್ರಮ ತಗೊಂಡಿದ್ದರೆ, 'ನನಗೆ ಹೇಳಲಿಲ್ಲ' ಅನ್ನೋ ದೂರು ಕಂಪನಿ ಮೇಲೆ ನಿಲ್ಲಲ್ಲ. ಆಗ ಪ್ರಶ್ನೆ ಡಾಕ್ಟರ್ ಕಡೆ ತಿರುಗುತ್ತೆ. ದುಡ್ಡು ಪಡೆದು ಕೊಡೋ ಚಿಕಿತ್ಸೆ ಗ್ರಾಹಕ ಕಾನೂನಿಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

ಈಗ ಯೋಚಿಸಿ. ಚೀಟಿ ಇಲ್ಲದೆ, ಯಾರೋ ಪರಿಚಯದವರ ಮೂಲಕ ಪೆನ್ ತರಿಸಿಕೊಂಡಿದ್ದೀರಿ. ಡಾಕ್ಟರ್ ಇಲ್ಲ, ಬಿಲ್ ಇಲ್ಲ, ಬ್ಯಾಚ್ ನಂಬರ್ ಇರೋ ಡಬ್ಬಿ ಕಸಕ್ಕೆ ಹೋಗಿದೆ. ಯಾರ ಮೇಲೆ ದೂರು ಕೊಡ್ತೀರಿ?

ದೂರು ಹಾಕೋಕೆ ಸಾಮಾನ್ಯವಾಗಿ ಎರಡು ವರ್ಷ ಗಡುವು. ಯಾವ ಆಯೋಗ ಅನ್ನೋದು ನೀವು ಕೇಳೋ ಪರಿಹಾರದ ಮೇಲಲ್ಲ, ವಸ್ತುವಿಗೆ ಕೊಟ್ಟ ಬೆಲೆಯ ಮೇಲೆ ನಿರ್ಧಾರ ಆಗುತ್ತೆ. ಹಾಗಾಗಿ ಔಷಧಿ ಕೇಸು ಬಹುತೇಕ ಜಿಲ್ಲಾ ಆಯೋಗಕ್ಕೇ ಹೋಗುತ್ತೆ, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಫೋನಿನಿಂದಲೇ ಹಾಕಬಹುದು. ಅಡ್ಡಪರಿಣಾಮ ವರದಿ ಮಾಡೋದು ಬೇರೆ ಕೆಲಸ, ಅದಕ್ಕೆ ಕೇಂದ್ರದ ಸಹಾಯವಾಣಿ 1800-180-3024. ಅಲ್ಲಿ ಪರಿಹಾರ ಸಿಗಲ್ಲ, ಆದರೆ ಮೇಯೋದ ಆ 24ರ ಪಟ್ಟಿಯಂಥದ್ದು ಹುಟ್ಟೋದು ಇಂಥ ವರದಿಗಳಿಂದಲೇ.

ವಕೀಲರನ್ನ ಇಟ್ಟುಕೊಂಡರೆ, ಫೀಸು ಎಷ್ಟು ಅಂತ ಬರೆಸಿಕೊಳ್ಳಿ. ರಾಜಿ ಆದರೆ ಒಟ್ಟು ಮೊತ್ತ ಎಷ್ಟು ಅಂತ ತೋರಿಸೋ ಕಾಗದ ಕೈಗೆ ಬರೋವರೆಗೂ ಸಹಿ ಹಾಕಬೇಡಿ. ಪ್ರಶ್ನೆ ಇದ್ದರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಸಿಗೋಣ.