ಒಂದೇ ಸಿನಿಮಾ, ಎರಡು ಟಾಕೀಸು, ಒಂದು ರೊಟ್ಟಿ ಊಟ

ಬಸ್ಸಿನಾಗ ಕುಂತು ಕೇಳೋರಿಗೆ, ಹೊಲದಾಗ ನೀರು ಹಾಯಿಸ್ಕೋತ ಕೇಳೋರಿಗೆ, ಅಭ್ಯಾಸ ಬಿಟ್ಟು ಕದ್ದು ಕೇಳೋರಿಗೂ ನಮಸ್ಕಾರ. ಇವತ್ತು ಸಿನಿಮಾ ವಿಮರ್ಶೆ ಮಾಡೋದಿಲ್ಲ. ಸಿನಿಮಾಕ್ಕೆ ಹೋಗಿ ಬಂದ ಕಥೆ ಹೇಳ್ತೀನಿ. ಜೊತೆಗೆ ಒಂದು ಊಟದ ಕಥೆನೂ ಇದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯವರಿಗೆ ಒಂದು ಅಭ್ಯಾಸ ಇದೆ. ದೊಡ್ಡ ಸಿನಿಮಾ ಬಂತು ಅಂದ್ರೆ ಗಾಡಿ ತಗೊಂಡು ಗಡಿ ದಾಟ್ತೀವಿ. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರ್. ಕಾಗವಾಡದವರಿಗೆ ಮೀರಜ್ ಅಂದ್ರೆ ಪಕ್ಕದ ಓಣಿ ಇದ್ದಂಗೆ. ಬೆಳಗಾವಿಗಿಂತ ಅದೇ ಹತ್ತಿರ.

2025ರ ಅಕ್ಟೋಬರ್ 2ಕ್ಕೆ ‘ಕಾಂತಾರ ಚಾಪ್ಟರ್ 1’ ಬಿಡುಗಡೆ ಆಯ್ತಲ್ಲ, ಆಗ ನಾವೂ ಹಂಗೇ ಮಾಡಿದ್ವಿ. ಈ ಸಲ ನಮ್ಮ ಆಯಿನ್ನೂ ಕರ್ಕೊಂಡು ಹೋದ್ವಿ. ಆಯಿ ಟಾಕೀಸಿಗೆ ಹೋಗಿ ಎಷ್ಟೋ ವರ್ಷ ಆಗಿತ್ತು. ಇಳಕಲ್ ಸೀರೆ ಉಟ್ಟು, ಚೀಲದಾಗ ಎಲಿ ಅಡಕಿ ಇಟ್ಕೊಂಡು ಎಲ್ಲಾರಿಗಿಂತ ಮೊದಲು ತಯಾರಾಗಿ ಕುಂತಿದ್ದಳು. ಮಾಲ್‌ನ ಬಾಗಿಲಲ್ಲಿ ಆ ಚೀಲ ತೆಗೆದಿಟ್ಟುಕೊಂಡರು. ಆಯಿ ಏನೂ ಅನ್ನಲಿಲ್ಲ.

ನಮಗೆ ಸಿಕ್ಕಿದ್ದು ಹಿಂದಿ ಶೋ. ಆಯಿಗೆ ಕನ್ನಡ ಬರ್ತದೆ, ಮರಾಠಿ ಬರ್ತದೆ, ಹಿಂದಿ ಮಾತ್ರ ಅರ್ಧಂಬರ್ಧ. ಹತ್ತು ನಿಮಿಷಕ್ಕೊಮ್ಮೆ ನನ್ನ ತೋಳು ಜಗ್ಗಿ, “ಏನಂತಾನೋ ತಮ್ಮಾ ಅವಾ?” ಅಂತ ಕೇಳೋಳು. ನಾನು ಕಿವಿಯಲ್ಲಿ ಹೇಳ್ತಿದ್ದೆ. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು. ಮೂರನೇ ಸಲ ನನಗೇ ನಾಚಿಕೆ ಆಗಿ, “ಆಯಿ, ಆಮ್ಯಾಲೆ ಹೇಳ್ತೀನಿ” ಅಂದೆ. ಅಲ್ಲಿಂದ ಸಿನಿಮಾ ಮುಗಿಯೋವರೆಗೂ ಆಕಿ ಒಂದು ಮಾತೂ ಕೇಳಲಿಲ್ಲ.

ಹೊರಗೆ ಬಂದು, “ಹೆಂಗಿತ್ತ ಆಯಿ?” ಅಂದೆ.

“ಖುರ್ಚಿ ಭಾಳ ಮೆತ್ತಗಿತ್ತ ತಮ್ಮಾ. ತಂಪನೂ ಇತ್ತ.”

ಎರಡೂಮುಕ್ಕಾಲು ಗಂಟೆಯ ಸಿನಿಮಾದ ಬಗ್ಗೆ ಆಕಿ ಹೇಳಿದ್ದು ಇಷ್ಟೇ. ನಾಲ್ಕು ಜನಕ್ಕೆ ಟಿಕೆಟ್ 1,120, ಪಾಪ್‌ಕಾರ್ನ್ ನೀರು 560, ಪೆಟ್ರೋಲ್ 800. ಒಟ್ಟು 2,480 ರೂಪಾಯಿ ಖರ್ಚು ಮಾಡಿ ಆಯಿಗೆ ಒಂದು ಮೆತ್ತನೆ ಖುರ್ಚಿ ತೋರಿಸಿಕೊಂಡು ಬಂದಿದ್ದೆ.

ನನಗೆ ಸಮಾಧಾನ ಆಗಲಿಲ್ಲ. ಮುಂದಿನ ವಾರ ನಮ್ಮ ಕಡೆಯ ಒಂದು ಹಳೇ ಟಾಕೀಸಿಗೆ ಅದೇ ಸಿನಿಮಾ ಬಂತು, ಕನ್ನಡದಾಗ. ಕಬ್ಬಿಣದ ಖುರ್ಚಿ, ಗರಗರ ತಿರುಗೋ ಫ್ಯಾನು. ಟಿಕೆಟ್ 100 ರೂಪಾಯಿ. ಆಯಿಯ ಚೀಲ ಯಾರೂ ಮುಟ್ಟಲಿಲ್ಲ.

ಸಿನಿಮಾದಲ್ಲಿ ಇರೋದು ಕರಾವಳಿ. ಅಲ್ಲಿಯ ಮಾತೇ ಬೇರೆ, ಕಾಡೇ ಬೇರೆ. ಆದರೂ ದೈವ ಮೈಮೇಲೆ ಬರೋ ಹೊತ್ತಿಗೆ ಆಯಿ ತಾನಾಗೇ ಕೈ ಮುಗಿದಳು. “ನಮ್ಮ ಚಿಂಚಲಿ ಮಾಯಕ್ಕನ ಜಾತ್ರಿಯಾಗ ಹಿಂಗ ಮೈಯಾಗ ಬರತೈತೆಲ್ಲೋ!” ಅಂದಳು. ರಾಯಬಾಗ ತಾಲೂಕಿನ ಚಿಂಚಲಿ ಜಾತ್ರೆಗೆ ಮಹಾರಾಷ್ಟ್ರದಿಂದ ಎಷ್ಟು ಜನ ಬರ್ತಾರೆ ಅಂತ ನಿಮಗೇ ಗೊತ್ತು. ಈ ಟಾಕೀಸಿನಲ್ಲೂ ನಮ್ಮ ಹಿಂದಿನ ಸಾಲಿನಲ್ಲಿ ಮರಾಠಿ ಮಾತಾಡೋ ಒಬ್ಬ ಹೆಣ್ಣುಮಗಳು ಕುಂತಿದ್ದರು. ಅವರಿಗೆ ಕನ್ನಡ ಪೂರ್ತಿ ಬರ್ತಿರಲಿಲ್ಲ. ಹೋದ ವಾರ “ಏನಂತಾನೋ” ಅಂತ ಕೇಳಿದ್ದ ನಮ್ಮ ಆಯಿ, ಈ ವಾರ ಹಿಂದಕ್ಕೆ ತಿರುಗಿ ಆಕಿಗೆ ಮರಾಠಿಯಲ್ಲಿ ಕಥೆ ಹೇಳ್ತಿದ್ದಳು! ಯಾರೂ “ಶ್” ಅನ್ನಲಿಲ್ಲ.

ಇಲ್ಲೊಂದು ಹಳೇ ಸಂಗತಿ ಹೇಳಬೇಕು. ಕನ್ನಡದ ಮೊದಲ ಮಾತಿನ ಸಿನಿಮಾ ‘ಸತಿ ಸುಲೋಚನಾ’, 1934ರದ್ದು. ಅದರ ಚಿತ್ರೀಕರಣ ನಡೆದದ್ದು ಬೆಂಗಳೂರಲ್ಲಲ್ಲ, ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ. ಅಂದ್ರೆ ಕನ್ನಡ ಸಿನಿಮಾ ಮಾತು ಕಲಿತದ್ದು ನಮ್ಮ ನೆರೆಯೂರಿನಲ್ಲಿ. ಇನ್ನು ನಮ್ಮ ಕಾಲಕ್ಕೆ ಬಂದ್ರೆ, 2016ರ ‘ಸೈರಾಟ್’ ನಾನೂ ನನ್ನ ಗೆಳೆಯರೂ ಮರಾಠಿಯಲ್ಲೇ ನೋಡಿದ್ವಿ. ಮರುವರ್ಷ ಅದು ಕನ್ನಡದಲ್ಲಿ ‘ಮನಸು ಮಲ್ಲಿಗೆ’ ಆಗಿ ಬಂದಾಗಲೂ ನಾಯಕಿ ಅದೇ ರಿಂಕು ರಾಜಗುರು. ನಮಗೆ ಡಬ್ಬಿಂಗ್ ಮಾಡೋಕೆ ಬೇರೆ ಯಾರೂ ಬೇಕಾಗಿಲ್ಲ. ಪಕ್ಕದ ಸೀಟಿನವರೇ ಮಾಡ್ತಾರೆ. ಆದರೆ ಅದಕ್ಕೆ ಪಕ್ಕದ ಸೀಟು ಇರಬೇಕು, ಆ ಸೀಟಿರೋ ಟಾಕೀಸು ಇರಬೇಕು.

ಸಿನಿಮಾ ಬಿಟ್ಟ ಮೇಲೆ ಹತ್ತಿರದ ಖಾನಾವಳಿಗೆ ಹೋದ್ವಿ. ಬಿಸಿ ಜೋಳದ ರೊಟ್ಟಿ, ಎಣ್ಣಿಗಾಯಿ, ಝುಣಕಾ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಒಂದು ಊಟ 120 ರೂಪಾಯಿ. ಆಯಿ ರೊಟ್ಟಿ ಮುರಕೋತ ಇಡೀ ಸಿನಿಮಾ ಮತ್ತೊಮ್ಮೆ ಹೇಳಿದಳು. ಯಾರ ತಪ್ಪು, ಯಾರ ಸರಿ, ಆ ರಾಜಗ ಯಾಕ ಅಷ್ಟ ಸೊಕ್ಕು, ಎಲ್ಲಾ. ನಮಗಿಂತ ಹೆಚ್ಚು ಆಕಿಗೇ ತಿಳಿದಿತ್ತು.

ರೊಟ್ಟಿ ಬಡೀತಿದ್ದ ಅಕ್ಕ ನಕ್ಕೋತ ಬಂದು, “ಸಿನಿಮಾ ಬಿಟ್ರಿಲ್ಲ? ಹಂಗಾರ ಇನ್ನೂ ಹಿಟ್ಟ ನಾದಬೇಕು” ಅಂದರು. ಆಮೇಲೆ ಹೇಳಿದರು: “ಚಲೋ ಸಿನಿಮಾ ಇದ್ದ ದಿನ ಮೂವತ್ತ ಊಟ ಹೆಚ್ಚ ಹೋಗತಾವ್ರಿ. ಟಾಕೀಸ್ ಬಂದ್ ಇದ್ರ ಎಂಟಕ್ಕ ಒಲಿ ಆರಸ್ತೀನಿ. ಅದನ್ನೂ ಕಲ್ಯಾಣ ಮಂಟಪ ಮಾಡ್ತಾರಂತ ಮಂದಿ ಮಾತಾಡಾಕತ್ತಾರ.”

ಆ ಮಾತು ಕೇಳಿ ಆಯಿ ಕೈಯಾಗಿನ ತುತ್ತು ಹಂಗೇ ಹಿಡಿದು ಕುಂತಳು.

ನೋಡ್ರಿ, 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕ್ತು, ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ಕೊಡ್ತು. ಅದರ ಮೇಲೆ ದೊಡ್ಡ ಚರ್ಚೆ ಆಯ್ತು. ಆ ಚರ್ಚೆ ಬೇಕು. ಆದರೆ ನಮ್ಮ ತಾಲೂಕುಗಳಲ್ಲಿ ಟಿಕೆಟ್ 100 ರೂಪಾಯಿಗೇ ಸಿಗ್ತದೆ. ಕೊರತೆ ಇರೋದು ಟಿಕೆಟ್ ಕೊಳ್ಳೋ ನಮ್ಮದೇ. ನಾವು ಹುಡುಗರು ಮೊಬೈಲಿನಲ್ಲಿ ನೋಡ್ತೀವಿ, ಇಲ್ಲಾಂದ್ರೆ ಗಡಿ ದಾಟ್ತೀವಿ. ಗಾಡಿ ಇದ್ದೋರು ಹೋಗ್ತಾರೆ. ಗಾಡಿ ಇಲ್ಲದ ಆಯಿಗಳು ಎಲ್ಲಿಗೆ ಹೋಗಬೇಕು?

ಹಳೇ ಟಾಕೀಸಿನಲ್ಲಿ ಎಲ್ಲಾ ಚಲೋ ಐತಿ ಅಂತ ನಾನು ಹೇಳೋದಿಲ್ಲ. ಶೌಚಾಲಯ ಸುಧಾರಿಸಬೇಕು, ಸೌಂಡೂ ಸುಧಾರಿಸಬೇಕು. ಮಾಲೀಕರು ಇದನ್ನ ಕೇಳ್ತಿದ್ದರೆ ಮನಸ್ಸಿಗೆ ಹಾಕ್ಕೋರಿ. ಆದರೆ ಮಂದಿ ಬರದೆ ಅವರಾದರೂ ಎಲ್ಲಿಂದ ದುಡ್ಡು ಹಾಕಬೇಕು?

ಎರಡನೇ ಸಲದ ಲೆಕ್ಕ ಕೇಳ್ರಿ: ಟಿಕೆಟ್ 400, ಚುರಮುರಿ 60, ಊಟ 480. ಒಟ್ಟು 940 ರೂಪಾಯಿ. ಅದರಲ್ಲಿ ನಾಲ್ಕು ಜನ ಸಿನಿಮಾ ನೋಡಿದ್ವಿ, ಹೊಟ್ಟೆ ತುಂಬ ಉಂಡ್ವಿ, ಆಯಿ ಮನಸಾರೆ ಮಾತಾಡಿದಳು.

ಈ ತಿಂಗಳು ಒಂದು ಕೆಲಸ ಮಾಡ್ರಿ. ನಿಮ್ಮೂರ ಟಾಕೀಸಿನಲ್ಲಿ ಯಾವ ಸಿನಿಮಾ ಐತಿ ನೋಡ್ರಿ. ಮನೆಯ ಹಿರಿಯರೊಬ್ಬರನ್ನ ಕರ್ಕೊಂಡು ಹೋಗ್ರಿ. ಮೊದಲನೇ ಸಲ ನಾನು ಮಾಡಿದಂಗೆ “ಆಮ್ಯಾಲೆ ಹೇಳ್ತೀನಿ” ಅನ್ನಬ್ಯಾಡ್ರಿ. ಕೇಳಿದಾಗಲೇ ಹೇಳ್ರಿ.

ನಿನ್ನೆ ಆಯಿ ಕೇಳಿದಳು: “ತಮ್ಮಾ, ಮತ್ತ ಯಾವಾಗೋ ಟಾಕೀಸಿಗೆ?”

ಈ ಶುಕ್ರವಾರ ಹೊಂಟೀವಿ. ಬರ್ತೀನ್ರೀ, ಮುಂದಿನ ಸಂಚಿಕೆಯಲ್ಲಿ ಸಿಗೋಣ.