ಮತ ಪಕ್ಷದ್ದು, ಪ್ರಶ್ನೆ ಸದಸ್ಯನದು

(ಬಿಳಿಗೆರೆಯಲ್ಲಿ ಸೇರಿದ್ದ ಗಿರಣಿ ಕೆಲಸಗಾರರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಈ ಸೀಮೆಯವರಿಗೆ ಲೆಕ್ಕ ಬರೆಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಟ್ಟದ ಮೇಲೆ ಎಷ್ಟು ಕಾಯಿ ಹಾಕಿದೆವು, ಹತ್ತು ಹನ್ನೊಂದು ತಿಂಗಳು ಕಳೆದು ಒಡೆದಾಗ ಎಷ್ಟು ಕೊಬ್ಬರಿ ಕೈಗೆ ಬಂತು, ಕೆಟ್ಟದ್ದೆಷ್ಟು, ಸುಲಿದವರ ಕೂಲಿ ಎಷ್ಟು, ಮಂಡಿಯಲ್ಲಿ ಕಳೆದದ್ದೆಷ್ಟು, ಇವೆಲ್ಲ ನಮಗೆ ಬಾಯಿಪಾಠ. ಅಂಗಡಿಯವನಿಗೆ ಸಾಲದ ಪುಸ್ತಕವಿದೆ. ಗಿರಣಿಯ ಕೆಲಸಗಾರನಿಗೆ ಹಾಜರಿ ಪುಸ್ತಕವಿದೆ. ಒಂದು ದಿನ ತಪ್ಪಿದರೆ ಆ ದಿನದ ಕೂಲಿ ಇಲ್ಲ. ಆದರೆ ಐದು ವರ್ಷಕ್ಕೊಮ್ಮೆ ನಾವೆಲ್ಲ ಸೇರಿ ಒಬ್ಬರನ್ನು ದೆಹಲಿಗೆ ಕಳಿಸುತ್ತೇವಲ್ಲ, ಅವರ ಹೆಸರಿಗೆ ನಾವು ಒಂದು ಹಾಳೆಯನ್ನಾದರೂ ತೆರೆದಿಟ್ಟಿದ್ದೇವೆಯೆ? ಇಲ್ಲ. ಆ ಪುಸ್ತಕವನ್ನು ಬರೆಯುವುದು ಹೇಗೆ ಎಂಬುದೇ ಈವತ್ತಿನ ಮಾತು.

ಸದಸ್ಯರು ಏನು ಮಾಡಿದರೆಂದು ಊರಿನಲ್ಲಿ ಕೇಳಿ ನೋಡಿ. ಬರುವ ಉತ್ತರ: ಇಂಥ ಬೀದಿಗೆ ದೀಪ ಹಾಕಿಸಿದರು, ಇಂಥ ಊರಿಗೆ ಸಮುದಾಯ ಭವನ ಕೊಟ್ಟರು, ಮದುವೆಗೆ ಬಂದಿದ್ದರು, ಸಾವಿಗೆ ಬರಲಿಲ್ಲ. ಇದು ಜನರ ತಪ್ಪಲ್ಲ. 1993ರ ಡಿಸೆಂಬರಿನಲ್ಲಿ ಸದಸ್ಯರ ಪ್ರದೇಶಾಭಿವೃದ್ಧಿ ನಿಧಿ ಎಂಬುದು ಶುರುವಾಯಿತು. 2011-12ರಿಂದ ಅದು ವರ್ಷಕ್ಕೆ 5 ಕೋಟಿ ರೂಪಾಯಿ. ಹಣ ಬಂದ ಮೇಲೆ ಜನರ ಕಣ್ಣೂ ಅದರ ಮೇಲೆ ಬಿತ್ತು. ಆದರೆ ತುಮಕೂರು ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಎಂಟರಲ್ಲಿ ಮೂರು. 5 ಕೋಟಿಯನ್ನು ಹಂಚಿದರೆ ಒಂದೊಂದಕ್ಕೂ ಅರವತ್ತೆರಡೂವರೆ ಲಕ್ಷ. ಕ್ವಿಂಟಲ್ ಕೊಬ್ಬರಿಯ ಮೇಲೆ ಒಂದು ಸಾವಿರ ರೂಪಾಯಿ ಬಿದ್ದರೆ ಈ ಮೂರು ತಾಲ್ಲೂಕುಗಳ ಮನೆಮನೆಗಳಿಂದ ಹೋಗುವ ಹಣದ ಮುಂದೆ ಇದು ಯಾವ ಲೆಕ್ಕ? ದೀಪ ಹಾಕಿಸಲು ಪಂಚಾಯಿತಿ ಇದೆ. ಪಾರ್ಲಿಮೆಂಟಿಗೆ ಕಳಿಸುವುದು ಕಾನೂನು ಮಾಡುವುದಕ್ಕೆ ಮತ್ತು ಸರ್ಕಾರವನ್ನು ಪ್ರಶ್ನೆ ಕೇಳುವುದಕ್ಕೆ.

ಹಾಗಾದರೆ ಮೊದಲು ಮತದ ವಿಚಾರ ನೋಡೋಣ.

ಒಂದು ಮಸೂದೆಗೆ ನಮ್ಮ ಸದಸ್ಯರು ಹೌದೆಂದರೋ ಅಲ್ಲವೆಂದರೋ ತಿಳಿಯುವುದು ಹೇಗೆ? ಸಭಾಧ್ಯಕ್ಷರು ಮಸೂದೆಯನ್ನು ಮತಕ್ಕೆ ಹಾಕುತ್ತಾರೆ. ಪರವಾಗಿರುವವರು ಹೌದೆಂದು ಕೂಗುತ್ತಾರೆ, ವಿರೋಧವಾಗಿರುವವರು ಅಲ್ಲವೆಂದು ಕೂಗುತ್ತಾರೆ. ಯಾವ ಕಡೆ ದನಿ ಹೆಚ್ಚೆಂದು ಸಭಾಧ್ಯಕ್ಷರಿಗೆ ತೋರುತ್ತದೋ ಆ ಕಡೆಗೆ ತೀರ್ಪು. ಇದು ಧ್ವನಿಮತ. ಇದರಲ್ಲಿ ಯಾರ ಹೆಸರೂ ದಾಖಲೆಯಾಗುವುದಿಲ್ಲ. ಸದಸ್ಯರೊಬ್ಬರು ಒಪ್ಪದೆ ಮತವಿಭಜನೆ ಕೇಳಿದರೆ ಗಂಟೆ ಬಾರಿಸುತ್ತದೆ, ಬಾಗಿಲು ಮುಚ್ಚುತ್ತದೆ, ಸದಸ್ಯರು ತಮ್ಮ ತಮ್ಮ ಗುಂಡಿ ಒತ್ತುತ್ತಾರೆ. ಆಗ ಮಾತ್ರ ಹೆಸರು ಹೆಸರಾಗಿ ಪಟ್ಟಿ ಸಿದ್ಧವಾಗಿ ಕಲಾಪದ ವರದಿಯಲ್ಲಿ ಸೇರುತ್ತದೆ. ಮತವಿಭಜನೆಯನ್ನು ಅನಗತ್ಯವಾಗಿ ಕೇಳುತ್ತಿದ್ದಾರೆಂದು ಸಭಾಧ್ಯಕ್ಷರಿಗೆ ಕಂಡರೆ, ಎದ್ದು ನಿಲ್ಲಿಸಿ ತಲೆ ಎಣಿಸುವ ಅಧಿಕಾರವೂ ಅವರಿಗಿದೆ. ಆಗಲೂ ಹೆಸರಿಲ್ಲ.

ಇಲ್ಲಿರುವ ವರ್ತಕ ಮಿತ್ರರಿಗೆ ಸಂಬಂಧಪಟ್ಟ ಒಂದು ಕಾನೂನನ್ನು ತೆಗೆದುಕೊಳ್ಳಿ. ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿ.ಎಸ್.ಟಿ.ಗಾಗಿ ಸಂವಿಧಾನವನ್ನೇ ತಿದ್ದಬೇಕಾಯಿತು. ಸಂವಿಧಾನದ ತಿದ್ದುಪಡಿಗೆ ವಿಶೇಷ ಬಹುಮತ ಬೇಕು; ಧ್ವನಿಮತ ನಡೆಯದು. 2016ರ ಆಗಸ್ಟ್ 8ರಂದು ಲೋಕಸಭೆಯಲ್ಲಿ 443 ಮತಗಳು ಪರವಾಗಿ ಬಿದ್ದವು, ವಿರೋಧವಾಗಿ ಒಂದೂ ಇಲ್ಲ. ಆ 443 ಹೆಸರುಗಳನ್ನು ಈಗಲೂ ಓದಬಹುದು.

ಈಗ ಗಿರಣಿಯ ಕೆಲಸಗಾರ ಮಿತ್ರರಿಗೆ ಸಂಬಂಧಪಟ್ಟ ಕಾನೂನನ್ನು ನೋಡಿ. 29 ಕಾರ್ಮಿಕ ಕಾನೂನುಗಳನ್ನು ಕಲಸಿ ನಾಲ್ಕು ಸಂಹಿತೆಗಳನ್ನು ಮಾಡಿದರು. ಅವುಗಳಲ್ಲಿ ಮೂರು, 2020ರ ಸೆಪ್ಟೆಂಬರ್ 22ರಂದು ಲೋಕಸಭೆಯಲ್ಲಿಯೂ ಮರುದಿನ ರಾಜ್ಯಸಭೆಯಲ್ಲಿಯೂ ಅಂಗೀಕಾರವಾದವು. ವಿರೋಧಪಕ್ಷಗಳು ಸಭೆಯನ್ನು ಬಹಿಷ್ಕರಿಸಿ ಹೊರಗಿದ್ದುವು. ಎಲ್ಲವೂ ಧ್ವನಿಮತ. ಹಿಂದೆ 100 ಮಂದಿ ದುಡಿಯುವ ಕಾರ್ಖಾನೆಯನ್ನು ಮುಚ್ಚಬೇಕಾದರೂ ಸರ್ಕಾರದ ಅನುಮತಿ ಬೇಕಿತ್ತು. ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 300ಕ್ಕೆ ಏರಿತು. 2025ರ ನವೆಂಬರ್ 21ರಿಂದ ಸಂಹಿತೆಗಳು ಜಾರಿಗೆ ಬಂದವು. ಆ ದಿನ ತುಮಕೂರಿನ ಸದಸ್ಯರು ಯಾವ ಕಡೆ ಮತ ಕೊಟ್ಟರು? ದಾಖಲೆಯೇ ಇಲ್ಲ. ಹಾಸನದವರು? ಮಂಡ್ಯದವರು? ದಾಖಲೆಯಿಲ್ಲ. ಒಳಗೆ ಕುಳಿತವರು ಹೆಸರು ಹೇಳಿ ಹೌದೆನ್ನಬೇಕಾಗಲಿಲ್ಲ, ಹೊರಗೆ ಹೋದವರು ಹೆಸರು ಹೇಳಿ ಅಲ್ಲವೆನ್ನಲಿಲ್ಲ. ಕೆಲಸಗಾರನ ಕೆಲಸ ಹೋಗಬಹುದಾದ ಕಾನೂನಿಗೆ ಯಾರ ರುಜುವೂ ಬೇಕಾಗಲಿಲ್ಲ. ಹತ್ತು ರೂಪಾಯಿ ಸಾಲಕ್ಕೆ ರುಜು ಕೇಳುವ ನಾವು ಇದನ್ನು ಕೇಳದೆ ಬಿಟ್ಟೆವು.

ರೈತರ ಮೂರು ಕಾನೂನುಗಳ ಕಥೆಯೂ ಇದೇ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ವಿರೋಧಪಕ್ಷದವರು ಮತವಿಭಜನೆ ಕೇಳಿದರು, ಅದು ಆಗಲಿಲ್ಲ. ಧ್ವನಿಮತದಲ್ಲಿ ಬಂದ ಕಾನೂನು, 2021ರ ನವೆಂಬರ್ 29ರಂದು ಚರ್ಚೆಯೂ ಇಲ್ಲದೆ ಧ್ವನಿಮತದಲ್ಲಿಯೇ ಹೋಯಿತು.

ಇಲ್ಲಿ ಬಲ್ಲವರೊಬ್ಬರು ಅಡ್ಡ ಪ್ರಶ್ನೆ ಹಾಕಬಹುದು: ಹೆಸರು ದಾಖಲಾದರೆ ತಾನೆ ಏನು ಪ್ರಯೋಜನ? ಸದಸ್ಯ ತನ್ನ ಮನಸ್ಸಿನಂತೆ ಮತ ಕೊಡಲಾರನಲ್ಲ? ಮಾತು ನಿಜ. 1985ರ ಸಂವಿಧಾನ ತಿದ್ದುಪಡಿಯಿಂದ ಪಕ್ಷಾಂತರ ನಿಷೇಧ ಬಂತು. ಪಕ್ಷದ ಆಜ್ಞೆಯನ್ನು ಮೀರಿ ಮತ ಕೊಟ್ಟರೆ ಸದಸ್ಯತ್ವವೇ ಹೋಗಬಹುದು. ಬೆಲೆಗೆ ಮಾರಿಕೊಳ್ಳುವವರನ್ನು ತಡೆಯಲು ಹಾಕಿದ ಬೇಲಿ, ಆತ್ಮಸಾಕ್ಷಿಯವರನ್ನೂ ಕಟ್ಟಿಹಾಕಿತು. ಆದ್ದರಿಂದ ಮತದ ಪಟ್ಟಿ ನಮಗೆ ಮುಖ್ಯವಾಗಿ ಪಕ್ಷ ಯಾವ ಕಡೆ ಇದೆ ಎಂಬುದನ್ನು ಹೇಳುತ್ತದೆ. ಅದು ಬೇಕಾದ ಸಂಗತಿಯೇ. ಆದರೆ ಕ್ಷೇತ್ರದಿಂದ ಹೋದ ವ್ಯಕ್ತಿಯನ್ನು ಅಳೆಯಲು ಅದು ಸಾಲದು.

ವ್ಯಕ್ತಿಯನ್ನೂ ಏಕೆ ಅಳೆಯಬೇಕು? ನಮ್ಮ ಕ್ಷೇತ್ರದ ಚರಿತ್ರೆಯೇ ಉತ್ತರ ಹೇಳುತ್ತದೆ. 1967ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಗೆದ್ದ ಶ್ರೀ ಕೆ. ಲಕ್ಕಪ್ಪನವರು 1971ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 1984ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಶ್ರೀ ಜಿ. ಎಸ್. ಬಸವರಾಜು 2009ರಲ್ಲಿಯೂ 2019ರಲ್ಲಿಯೂ ಭಾರತೀಯ ಜನತಾ ಪಕ್ಷದಿಂದ ಗೆದ್ದರು. ಯಾರನ್ನೂ ಹಳಿಯಲು ಇದನ್ನು ಹೇಳುತ್ತಿಲ್ಲ. ನಮ್ಮ ಹಳೆಯ ಸಂಗಾತಿಯ ಹೆಸರನ್ನೇ ಮೊದಲು ಹೇಳಿದ್ದೇವೆ. ಧ್ವಜ ಬದಲಾದರೂ ಮನುಷ್ಯ ಅವನೇ ಇರುತ್ತಾನೆ, ಮತದಾರನೂ ಅವನೇ ಇರುತ್ತಾನೆ. ಆದ್ದರಿಂದ ಪಕ್ಷದ ಲೆಕ್ಕ ಒಂದು ಹಾಳೆ, ಮನುಷ್ಯನ ಲೆಕ್ಕ ಇನ್ನೊಂದು ಹಾಳೆ.

ಮನುಷ್ಯನ ಹಾಳೆಯಲ್ಲಿ ಬರೆಯಬೇಕಾದದ್ದು ಪ್ರಶ್ನೆ ಮತ್ತು ಮಾತು. ಪ್ರಶ್ನೆ ಕೇಳಲು ಪಕ್ಷದ ಆಜ್ಞೆ ಬೇಕಿಲ್ಲ. ಪ್ರಶ್ನೆ ಕೇಳಿದ್ದಕ್ಕೆ ಸ್ಥಾನ ಕಳೆದುಕೊಳ್ಳುವ ಕಾನೂನೂ ಇಲ್ಲ. ಲೋಕಸಭೆ ಸೇರುವ ದಿನ ಬೆಳಿಗ್ಗೆ 11ರಿಂದ 12ರವರೆಗೆ ಪ್ರಶ್ನೆಗಳ ಕಾಲ. ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ 20. ಅವಕ್ಕೆ ಮಂತ್ರಿಗಳು ಎದ್ದುನಿಂತು ಬಾಯಲ್ಲಿ ಉತ್ತರ ಹೇಳಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆಯಿಲ್ಲದ ಪ್ರಶ್ನೆಗಳು ದಿನಕ್ಕೆ 230ರವರೆಗೆ. ಅವಕ್ಕೆ ಬರಹದಲ್ಲಿ ಉತ್ತರ. ಹದಿನೈದು ದಿನ ಮುಂಚೆ ನೋಟೀಸು ಕೊಡಬೇಕು. ಇಷ್ಟು ಸುಲಭವಾದ ಆಯುಧ ಬಡವನ ಕೈಯಲ್ಲಿ ಇನ್ನೊಂದಿಲ್ಲ. ತಹಸೀಲ್ದಾರ್ ಕಚೇರಿಯಲ್ಲಿ ಆರು ತಿಂಗಳು ಅಲೆದರೂ ಸಿಗದ ಅಂಕಿ ಅಂಶ, ಒಂದು ಪ್ರಶ್ನೆಯಿಂದ ಮಂತ್ರಿಯ ಬಾಯಿಂದ ಕಾಗದದ ಮೇಲೆ ಬರುತ್ತದೆ.

ಇನ್ನೂ ಒಂದು ಗುಟ್ಟನ್ನು ನೆನಪಿಡಿ. ಮಂತ್ರಿಗಳು ಉತ್ತರದಲ್ಲಿ ಪರಿಶೀಲಿಸುತ್ತೇವೆ, ವಿವರ ತರಿಸುತ್ತೇವೆ ಎಂದರೆ ಅದು ಗಾಳಿಗೆ ಹೋದ ಮಾತಲ್ಲ. ಅದನ್ನು ಭರವಸೆಯೆಂದು ಬರೆದುಕೊಳ್ಳುವ ಸಮಿತಿಯೊಂದು 1953ರಿಂದ ಲೋಕಸಭೆಯಲ್ಲಿದೆ. ಮೂರು ತಿಂಗಳಲ್ಲಿ ಭರವಸೆ ತೀರಿಸಬೇಕೆಂಬುದು ನಿಯಮ. ದೆಹಲಿಯವರೇ ಬಾಕಿಯ ಪುಸ್ತಕ ಇಟ್ಟಿರುವಾಗ, ಸಾಲ ಕೊಟ್ಟ ನಾವು ಇಡದಿರುವುದು ಎಂಥ ವ್ಯಾಪಾರ?

ಮಾತಿನಿಂದ ಏನಾದೀತು, ಸಂಖ್ಯೆ ಇರುವವರು ಗೆಲ್ಲುತ್ತಾರೆ ಎನ್ನುವವರಿದ್ದಾರೆ. 1963ರಲ್ಲಿ ಡಾ. ರಾಮಮನೋಹರ ಲೋಹಿಯಾ ಫರೂಕಾಬಾದಿನ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಬಂದರು. ಆ ಆಗಸ್ಟಿನಲ್ಲಿ ನೆಹರೂ ಸರ್ಕಾರದ ಮೇಲೆ ಮೊದಲ ಅವಿಶ್ವಾಸ ನಿರ್ಣಯ ಚರ್ಚೆಗೆ ಬಂತು. ದೇಶದ ಬಹುಪಾಲು ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಲೋಹಿಯಾ ಲೆಕ್ಕ ಮುಂದಿಟ್ಟರು. ಸರ್ಕಾರದವರು ಹದಿನೈದಾಣೆ ಎಂದರು. ನಿರ್ಣಯ 62ಕ್ಕೆ 347 ಮತಗಳಿಂದ ಬಿದ್ದುಹೋಯಿತು. ಆದರೆ ಮೂರಾಣೆಯ ಲೆಕ್ಕ ಬೀಳಲಿಲ್ಲ. ಬಡತನವನ್ನು ಅಳೆಯುವ ಮಾತು ಅಂದಿನಿಂದ ಬೀದಿಬೀದಿಗೆ ಬಂತು. 1967ರಲ್ಲಿ ಶಿವಮೊಗ್ಗದಿಂದ ಹೋದ ಶ್ರೀ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲಿಗರಾದರು. ಇವೆರಡಕ್ಕೂ ಬಹುಮತ ಬೇಕಾಗಲಿಲ್ಲ. ಬಾಯಿ ಬೇಕಾಗಿತ್ತು, ಧೈರ್ಯ ಬೇಕಾಗಿತ್ತು.

ಈಗ ನಮ್ಮ ಕೊಬ್ಬರಿಯ ಮಾತು. ಕೊಬ್ಬರಿಗೆ ಬೆಂಬಲ ಬೆಲೆ ಗೊತ್ತುಮಾಡುವುದು ಕೇಂದ್ರ ಸರ್ಕಾರ. 2023ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಎಂದು ಹೇಳಿದ್ದರು. ಆ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಕ್ಕೆ ಬಿದ್ದುದನ್ನು ನೀವು ಮರೆತಿಲ್ಲ. ನಾಫೆಡ್ ಖರೀದಿಗೆ ಹೆಸರು ಬರೆಸಲು ಸಾಲು ನಿಂತದ್ದನ್ನೂ ಮರೆತಿಲ್ಲ. 2025ರಲ್ಲಿ ಬೆಂಬಲ ಬೆಲೆ 12,100 ಇದ್ದಾಗ ಮಾರುಕಟ್ಟೆಯ ಧಾರಣೆ 20,000 ದಾಟಿ ಹೋಯಿತು. ಧಾರಣೆ ಏರಿದಾಗ ಯಾರೂ ದೆಹಲಿಯ ಕಡೆ ನೋಡುವುದಿಲ್ಲ. ಬಿದ್ದ ಮೇಲೆ ಬೀದಿಗಿಳಿಯುತ್ತೇವೆ. ಅಷ್ಟು ಹೊತ್ತಿಗೆ ಕಾಯಿ ಒಡೆದಾಗಿರುತ್ತದೆ. ಖರೀದಿ ಕೇಂದ್ರ ಯಾವಾಗ ತೆರೆಯಬೇಕು, ಎಷ್ಟು ಕೊಳ್ಳಬೇಕು, ಕೊಂಡದ್ದನ್ನು ಮತ್ತೆ ಮಾರುಕಟ್ಟೆಗೆ ಯಾವಾಗ ಬಿಡಬೇಕು ಎಂಬ ಪ್ರಶ್ನೆಗಳನ್ನು ಕೇಳಬೇಕಾದದ್ದು ಧಾರಣೆ ಚೆನ್ನಾಗಿರುವಾಗಲೇ. ತೆಂಗು ಅಭಿವೃದ್ಧಿ ಮಂಡಲಿಯ ಕಾನೂನಿನಂತೆ ಅದರಲ್ಲಿ ಲೋಕಸಭೆಯಿಂದ ಇಬ್ಬರು, ರಾಜ್ಯಸಭೆಯಿಂದ ಒಬ್ಬರು ಸದಸ್ಯರಿಗೆ ಸ್ಥಾನವಿದೆ. ಆ ಸ್ಥಾನಗಳಲ್ಲಿ ಕೂರುವವರು ತೆಂಗಿನ ಸೀಮೆಯ ಪರವಾಗಿ ಏನು ಮಾತನಾಡಿದರೆಂಬುದೂ ನಮ್ಮ ಪುಸ್ತಕಕ್ಕೆ ಬರಬೇಕು.

ಲೆಕ್ಕ ಬರೆಯುವಾಗ ಅನ್ಯಾಯವಾಗಬಾರದು. ಇಷ್ಟು ದಿನ ಹಾಜರಿ, ಇಷ್ಟು ಪ್ರಶ್ನೆ ಎಂದು ಪತ್ರಿಕೆಗಳಲ್ಲಿ ಪಟ್ಟಿ ಬರುತ್ತದೆ. ಬೆಳಿಗ್ಗೆ ಬಂದು ಹಾಜರಿ ಹಾಕಿ ಹೊರಟವರಿಗೂ ಹಾಜರಿಯೇ. ಸಂಜೆಯವರೆಗೆ ಕುಳಿತವರಿಗೂ ಹಾಜರಿಯೇ. ಇನ್ನಾರೋ ಬರೆದುಕೊಟ್ಟ ನೂರು ಪ್ರಶ್ನೆಗಳಿಗಿಂತ ಕ್ಷೇತ್ರದ ಕಷ್ಟ ತಿಳಿದು ಕೇಳಿದ ಐದು ಪ್ರಶ್ನೆ ಮೇಲು. ಮತ್ತೆ, ಮಂತ್ರಿಗಳಾದವರು ಪ್ರಶ್ನೆ ಕೇಳುವುದಿಲ್ಲ, ಹಾಜರಿ ಹಾಕುವುದಿಲ್ಲ. 2024ರಲ್ಲಿ ತುಮಕೂರಿನಿಂದ ಗೆದ್ದ ಶ್ರೀ ವಿ. ಸೋಮಣ್ಣನವರು ಜಲಶಕ್ತಿ ಮತ್ತು ರೈಲ್ವೆ ಖಾತೆಗಳ ರಾಜ್ಯಮಂತ್ರಿಯಾದರು. ಅವರ ಹೆಸರಿನ ಮುಂದೆ ಪ್ರಶ್ನೆಗಳಿಲ್ಲವೆಂದು ದೂರುವುದು ತಿಳಿಯದವರ ಮಾತು. ಮಂತ್ರಿಯ ಲೆಕ್ಕ ಬೇರೆ: ಅವರು ಕೊಟ್ಟ ಉತ್ತರವೇನು, ಆ ಉತ್ತರ ನಡೆಯಿತೆ?

ಆದರೆ ಸದಸ್ಯರು ಮಂತ್ರಿಯಾದರೆ ಕ್ಷೇತ್ರದ ಪ್ರಶ್ನೆಯನ್ನು ಕೇಳುವವರು ಯಾರು? ಅದಕ್ಕೂ ದಾರಿಯಿದೆ. ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಮಂದಿ ಹೋಗುತ್ತಾರೆ. ತೆಂಗು ಹಾಸನದಲ್ಲಿದೆ, ಚಿತ್ರದುರ್ಗದ ಹೊಸದುರ್ಗದಲ್ಲಿದೆ, ಮಂಡ್ಯದಲ್ಲಿದೆ. ಯಾವ ಪಕ್ಷದವರಾದರೂ ಸರಿ, ನಮ್ಮ ಪ್ರಶ್ನೆಯನ್ನು ಅವರ ಕೈಗೆ ಕೊಡೋಣ.

ಹೀಗೆ ನಾವು ಮಾಡಬೇಕಾದದ್ದು ಇಷ್ಟೆ. ಬಿಳಿಗೆರೆಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ಕು ತೆರೆಯೋಣ. ಐದು ಕಲಮುಗಳು: ತಾರೀಖು, ವಿಷಯ, ನಮ್ಮವರ ಮತ, ಇಲ್ಲವೆ ಧ್ವನಿಮತವೆಂಬ ಮಾತು, ಕೇಳಿದ ಪ್ರಶ್ನೆ ಅಥವಾ ಆಡಿದ ಮಾತು, ಬಂದ ಉತ್ತರ ಮತ್ತು ಅದರ ಬಾಕಿ. ಕಲಾಪದ ವರದಿ ಲೋಕಸಭೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಇಂಗ್ಲಿಷು ಬಲ್ಲ ಹುಡುಗ ಹುಡುಗಿಯರು ಫೋನಿನಲ್ಲಿ ನೋಡಿ ಕನ್ನಡದಲ್ಲಿ ಬರೆಯಲಿ. ತಿಂಗಳಿಗೊಮ್ಮೆ, ಸಂತೆಯ ದಿನ, ಗಟ್ಟಿಯಾಗಿ ಓದಿ ಹೇಳೋಣ. ಓದು ಬಾರದ ತಾಯಂದಿರಿಗೂ ತಿಳಿಯಬೇಕು.

ಎರಡನೆಯದು, ಪ್ರತಿ ಅಧಿವೇಶನಕ್ಕೆ ಮುಂಚೆ ಎರಡೇ ಎರಡು ಪ್ರಶ್ನೆಗಳನ್ನು ಬರೆದು ಸದಸ್ಯರಿಗೆ ಅಂಚೆಯಲ್ಲಿ ಕಳಿಸೋಣ. ಒಂದು ಕೊಬ್ಬರಿಯದು. ಇನ್ನೊಂದು ಕೆಲಸಗಾರರದು: ತುಮಕೂರು ಜಿಲ್ಲೆಯ ತೆಂಗಿನಪುಡಿ ಮತ್ತು ನಾರಿನ ಕಾರ್ಖಾನೆಗಳಲ್ಲಿ ಎಷ್ಟು ಮಂದಿಗೆ ಇ.ಎಸ್.ಐ. ಇದೆ, ಎಷ್ಟು ಮಂದಿಗೆ ಭವಿಷ್ಯನಿಧಿ ಇದೆ? ಪ್ರಶ್ನೆ ಸಭೆಗೆ ಹೋದರೆ ಜಮಾ ಬರೆಯೋಣ. ಹೋಗದಿದ್ದರೆ ಬಾಕಿ ಬರೆಯೋಣ.

ಮೂರನೆಯದು, ಚುನಾವಣೆಗೆ ಬರುವ ಪ್ರತಿಯೊಬ್ಬರಿಂದಲೂ ಒಂದು ಮಾತು ತೆಗೆದುಕೊಳ್ಳೋಣ: ದುಡಿಯುವವರ ಮತ್ತು ಬೆಳೆಯುವವರ ಕಾನೂನು ಬಂದಾಗ ಸಭೆಯಿಂದ ಎದ್ದು ಹೋಗದೆ, ಒಳಗೇ ಇದ್ದು ಮತವಿಭಜನೆ ಕೇಳುತ್ತೇನೆ ಎಂದು. ಪಕ್ಷ ಮತವನ್ನು ಕಟ್ಟಿಹಾಕಬಹುದು. ಹೆಸರು ಬರೆದುಕೊಳ್ಳಿ ಎಂದು ಕೇಳುವ ಬಾಯಿಯನ್ನು ಅಷ್ಟು ಸುಲಭವಾಗಿ ಕಟ್ಟಲಾಗದು.

ನಾಳೆ ನಮ್ಮ ಪಕ್ಷದವರೇ ಗೆದ್ದರೂ ಈ ಪುಸ್ತಕವನ್ನು ಮುಚ್ಚಬೇಡಿ. ಆಗ ಇನ್ನೂ ಬಿಗಿಯಾಗಿ ಬರೆಯಿರಿ. ಮೊದಲ ಹಾಳೆಯನ್ನು ಈ ಸಭೆ ಮುಗಿಯುವುದರೊಳಗೆ ಬರೆಯೋಣ. ಅದರ ಮೊದಲ ಸಾಲು ಹೀಗಿರಲಿ: 2020ರ ಸೆಪ್ಟೆಂಬರ್ 22, ಕಾರ್ಮಿಕ ಸಂಹಿತೆಗಳು, ನಮ್ಮವರ ಮತ: ದಾಖಲೆಯಿಲ್ಲ.