ಬೆಚ್ಚಿಬೀಳದ ರಿವಾಲ್ವರ್: ವೀಕೆಂಡ್ ಶೂಟಿಂಗ್‌ಗೆ .22 ಯಾಕೆ, ಅದರಲ್ಲಿ ಯಾವುದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ನಾನು ಟೆಕ್ಸಾಸ್‌ನಲ್ಲಿರೋ ಒಬ್ಬ ಕನ್ನಡಿಗ. ಇಲ್ಲಿ ಶನಿವಾರ ಬಂತು ಅಂದ್ರೆ ಕೆಲವರು ಕ್ರಿಕೆಟ್‌ಗೆ ಹೋಗ್ತಾರೆ, ಕೆಲವರು ಶೂಟಿಂಗ್ ರೇಂಜ್‌ಗೆ. ಇವತ್ತು ಈ ಎರಡನೇ ಗುಂಪಿನ ಮಾತು.

ಮೊದಲು ನನ್ನ ಕಥೆ ಹೇಳಿಬಿಡ್ತೀನಿ. ಗ್ರೀನ್ ಕಾರ್ಡ್ ಬಂದ ವರ್ಷ ಆಫೀಸಿನ ಗೆಳೆಯನೊಬ್ಬ ರೇಂಜ್‌ಗೆ ಕರ್ಕೊಂಡು ಹೋದ. ಕೈಗೆ ಕೊಟ್ಟಿದ್ದು .357 ಮ್ಯಾಗ್ನಮ್ ರಿವಾಲ್ವರ್. ಮೊದಲ ಗುಂಡಿಗೆ ಕೈ ಹಣೆ ಮಟ್ಟಕ್ಕೆ ಎದ್ದಿತು. ಎರಡನೇದಕ್ಕೆ ಗುಂಡು ಹಾರೋ ಮುಂಚೇನೇ ಕಣ್ಣು ಮುಚ್ಚಿದ್ದೆ. ಆರು ಗುಂಡು ಮುಗಿದಾಗ ಗುರಿ ಹಾಳೆಯ ಕೆಳಗಿನ ಮೂಲೆಯಲ್ಲಿ ಒಂದೇ ಒಂದು ತೂತು. ಇದು ನಮ್ಮಂಥವರಿಗಲ್ಲ ಬಿಡಪ್ಪಾ ಅಂತ ಇಟ್ಟುಬಿಟ್ಟೆ.

ಪಕ್ಕದ ಸಾಲಿನಲ್ಲಿ ವಯಸ್ಸಾದವರೊಬ್ಬರು ಇದನ್ನೆಲ್ಲ ನೋಡ್ತಿದ್ರು. ತಮ್ಮ ಹಳೇ .22 ರಿವಾಲ್ವರ್‌ಗೆ ತಾವೇ ಗುಂಡು ತುಂಬಿ ನನ್ನ ಕೈಗಿಟ್ರು. ಎರಡು ಸಲ ಸಣ್ಣಗೆ ಸಿಡೀತು. ಮೂರನೇ ಸಲ ಟ್ರಿಗರ್ ಎಳೆದಾಗ 'ಟಕ್' ಅಂತ ಸದ್ದು ಮಾತ್ರ. ಗುಂಡು ಹಾರಲಿಲ್ಲ, ಆದ್ರೆ ಬ್ಯಾರಲ್ ತುದಿ ಒಂದು ಇಂಚು ಕೆಳಗೆ ಕುಸಿದಿತ್ತು! ಅವರು ಬೇಕಂತಲೇ ಎರಡು ಚೇಂಬರ್‌ನಲ್ಲಿ ಸಿಡಿದ ಖಾಲಿ ತೋಟಾ ಬಿಟ್ಟಿದ್ರು. "ನೋಡಿದ್ಯಾ, ಬಂದೂಕು ಒದೀಲಿಲ್ಲ, ನೀನೇ ಬೆಚ್ಚಿದ್ದು" ಅಂದ್ರು. ಅವತ್ತು ಒಂದು ಗಂಟೆ ಅದನ್ನೇ ಮಾಡಿದೆ. ಕೊನೇ ಹಾಳೆಯಲ್ಲಿ ಆರು ತೂತುಗಳನ್ನ ನನ್ನ ಅಂಗೈ ಮುಚ್ಚುತ್ತಿತ್ತು.

ಇವತ್ತು ನಾನು ಹೇಳೋಕೆ ಬಂದಿರೋದು ಇಷ್ಟೇ. ಖುಷಿಗೆ ಶೂಟ್ ಮಾಡೋದಾದ್ರೆ ಕಣ್ಣಿಗೆ ಭಾರಿಯಾಗಿ ಕಾಣೋದನ್ನ ಆರಿಸಬೇಡಿ. ನಿಮ್ಮನ್ನ ಬೆಚ್ಚಿಸದೇ ಇರೋದನ್ನ ಆರಿಸಿ.

.22 ಅಂದ್ರೆ ಏನು? ಗುಂಡಿನ ಅಗಲ ಸುಮಾರು 5.6 ಮಿಲಿಮೀಟರ್, ತೂಕ ಸಾಮಾನ್ಯವಾಗಿ ಎರಡೂವರೆ ಗ್ರಾಂ ಆಸುಪಾಸು. ಇವತ್ತು ಎಲ್ಲ ಕಡೆ ಸಿಗೋ .22 ಲಾಂಗ್ ರೈಫಲ್ ತೋಟಾ 1880ರ ದಶಕದಿಂದ ಇದೆ. ಸ್ಮಿತ್ ಆ್ಯಂಡ್ ವೆಸ್ಸನ್ ಕಂಪನಿಯ ಮೊದಲ ರಿವಾಲ್ವರ್, 1857ರದ್ದು, ಅದೂ .22 ಶಾರ್ಟ್ ಅನ್ನೋ ಪುಟ್ಟ ತೋಟಾದ್ದೇ. ಇದಕ್ಕೆ ಒದೆತ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಗುಂಡಿನ ಬೆಲೆಯೂ ದೊಡ್ಡವುಗಳ ಮುಂದೆ ತೀರಾ ಕಮ್ಮಿ. ಹಾಗಾಗಿ ಒಂದು ಮಧ್ಯಾಹ್ನ ಇನ್ನೂರು ಗುಂಡು ಹೊಡೆದ್ರೂ ಜೇಬು ಅಳಲ್ಲ. ಶೂಟಿಂಗ್ ಬರೋದು ಹೊಡೆದು ಹೊಡೆದೇ ತಾನೇ?

ಈಗ ಒಂದು ನಿಮಿಷ ನಿಲ್ಲಿ. ಎಫ್-1 ವೀಸಾದಲ್ಲಿ ಓದ್ತಿರೋರು, ಎಚ್-1ಬಿಯಲ್ಲಿ ಕೆಲಸ ಮಾಡ್ತಿರೋರು ಇದನ್ನ ಸರಿಯಾಗಿ ಕೇಳಿಸ್ಕೊಳ್ಳಿ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಇಂಥ ತಾತ್ಕಾಲಿಕ ವೀಸಾದಲ್ಲಿರೋರು ಬಂದೂಕಾಗಲಿ, ಗುಂಡಾಗಲಿ ಇಟ್ಟುಕೊಳ್ಳೋ ಹಾಗಿಲ್ಲ. 'ನಾನು ಕೊಳ್ತಿಲ್ಲ, ರೇಂಜ್‌ನಲ್ಲಿ ಅರ್ಧ ಗಂಟೆ ಬಾಡಿಗೆಗೆ ತಾನೇ?' ಅಂತ ಕೇಳಬಹುದು. ಕೈಯಲ್ಲಿ ಹಿಡಿಯೋದೂ ಆ ಲೆಕ್ಕಕ್ಕೇ ಬರಬಹುದು. ರಾಜ್ಯವೊಂದರ ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಇನ್ನೂ ಕೆಲವು ಇವೆ. ಅದು ನಿಮಗೆ ಅನ್ವಯಿಸುತ್ತಾ ಅಂತ ವಕೀಲರನ್ನ ಕೇಳಿ, ವಾಟ್ಸ್ಆ್ಯಪ್ ಗ್ರೂಪನ್ನಲ್ಲ. ತಪ್ಪಿದ್ರೆ ಶಿಕ್ಷೆ ಗರಿಷ್ಠ 15 ವರ್ಷದ ಜೈಲು. ವೀಸಾ ಕಥೆ ಅಲ್ಲಿಗೇ ಮುಗೀಬಹುದು.

ನನ್ನ ರೂಮ್‌ಮೇಟ್ ಆಗಿದ್ದ ಹುಡುಗ ಎಚ್-1ಬಿಯಲ್ಲಿದ್ದ. ರೇಂಜ್ ಕೌಂಟರ್‌ನಲ್ಲಿ ಫಾರ್ಮ್ ತುಂಬಿಸ್ತಾ ವೀಸಾ ಕಾಲಂ ಬಂತು. ಅವನು ಪೆನ್ ಕೆಳಗಿಟ್ಟು ಹೊರಗೆ ಬೆಂಚ್ ಮೇಲೆ ಕೂತ. ಅವತ್ತು ನಾವೆಲ್ಲ ಅವನನ್ನ ರೇಗಿಸಿದ್ವಿ. ಸರಿಯಾಗಿ ನಡ್ಕೊಂಡಿದ್ದು ಅವನೊಬ್ಬನೇ ಅಂತ ಆಮೇಲೆ ಗೊತ್ತಾಯ್ತು.

ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರೋರ ವಿಷಯ ಬೇರೆ. ಅಂಗಡಿಯಿಂದ ಕೈಬಂದೂಕು ಕೊಳ್ಳೋಕೆ ವಯಸ್ಸು 21 ಆಗಿರಬೇಕು. ಅದರ ಮೇಲೆ ಆಯಾ ರಾಜ್ಯದ ನಿಯಮಗಳಿರ್ತವೆ.

ಸರಿ, ಅಂಗಡಿ ಒಳಗೆ ಬಂದ್ವಿ ಅಂದ್ಕೊಳ್ಳಿ. ಗಾಜಿನ ಪೆಟ್ಟಿಗೆಯಲ್ಲಿ ಎರಡು ಜಾತಿ ಕಾಣ್ತವೆ.

ಒಂದು ಸಿಂಗಲ್ ಆ್ಯಕ್ಷನ್, ಕೌಬಾಯ್ ಸಿನಿಮಾದಲ್ಲಿ ನೋಡೋ ಥರದ್ದು. ಪ್ರತಿ ಗುಂಡಿಗೂ ಹೆಬ್ಬೆರಳಿಂದ ಹ್ಯಾಮರ್ ಹಿಂದಕ್ಕೆ ಎಳೀಬೇಕು. ಪಕ್ಕದ ಸಣ್ಣ ಬಾಗಿಲು ತೆಗೆದು ಒಂದೊಂದೇ ತೋಟಾ ತುಂಬಬೇಕು, ಆಮೇಲೆ ಒಂದೊಂದೇ ಖಾಲಿ ಹೊರಗೆ ತಳ್ಳಬೇಕು. ನಿಧಾನ ಹೌದು. ಆದ್ರೆ ಟ್ರಿಗರ್ ಹಗುರ, ಗುರಿ ಕೆಡಲ್ಲ. ರೂಗರ್ ಸಿಂಗಲ್-ಸಿಕ್ಸ್ 1953ರಿಂದ ಇದೆ. ಅದರ ಅಗ್ಗದ ತಮ್ಮ ರೂಗರ್ ರ‍್ಯಾಂಗ್ಲರ್ 2019ರಲ್ಲಿ ಬಂದಾಗ ಕಂಪನಿ ಹೇಳಿದ ಬೆಲೆ 249 ಡಾಲರ್. ಹೆರಿಟೇಜ್ ರಫ್ ರೈಡರ್ ಕೂಡ ಕಡಿಮೆ ಬೆಲೆಯದ್ದೇ.

ಇನ್ನೊಂದು ಡಬಲ್ ಆ್ಯಕ್ಷನ್. ಟ್ರಿಗರ್ ಎಳೆದ್ರೆ ಸಾಕು, ಹ್ಯಾಮರ್ ತಾನೇ ಎದ್ದು ಬೀಳುತ್ತೆ. ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತೆ, ಎಲ್ಲ ಖಾಲಿಗಳನ್ನೂ ಒಂದೇ ಸಲ ಹೊರಗೆ ಹಾಕಬಹುದು. ಆದ್ರೆ .22ರಲ್ಲಿ ಈ ಟ್ರಿಗರ್ ಗಟ್ಟಿ. ಕಾರಣ ಇದೆ. ಈ ತೋಟಾದಲ್ಲಿ ಕಿಡಿ ಹೊತ್ತಿಸೋ ಮದ್ದು ತಳದ ಅಂಚಿನೊಳಗೆ ಇರುತ್ತೆ, ಆ ಅಂಚು ಜಜ್ಜಿಹೋಗೋ ಹಾಗೆ ಜೋರಾಗಿ ಹೊಡೀಬೇಕು. ಸ್ಮಿತ್ ಆ್ಯಂಡ್ ವೆಸ್ಸನ್ 617ಕ್ಕೆ ಹತ್ತು ಗುಂಡು ಹಿಡಿಸುತ್ತೆ. ಆರು ಇಂಚಿನ ಬ್ಯಾರಲ್‌ದು ಒಂದೂಕಾಲು ಕೆಜಿ ತೂಗುತ್ತೆ, ಕೈಯಲ್ಲಿ ಬಂಡೆ ಥರ ನಿಲ್ಲುತ್ತೆ. ಬೆಲೆ ಮಾತ್ರ ರ‍್ಯಾಂಗ್ಲರ್‌ನ ಮೂರು ಪಟ್ಟಿಗೂ ಜಾಸ್ತಿ.

ಹೊಸಬರು ಎಡವೋದು ಎಲ್ಲಿ ಗೊತ್ತಾ? ಪುಟ್ಟದು, ಮುದ್ದಾಗಿದೆ ಅಂತ ಜೇಬಿಗೆ ಹಿಡಿಸೋದನ್ನ ಕೊಳ್ತಾರೆ. ರೂಗರ್ ಎಲ್‌ಸಿಆರ್ ಅಂಥದ್ದು, ಎಂಟು ಗುಂಡು, ತೂಕ ಅರ್ಧ ಕೆಜಿಗಿಂತ ಕಮ್ಮಿ. ಬ್ಯಾರಲ್ ಗಿಡ್ಡ ಇದ್ದಷ್ಟೂ ಹಿಂದಿನ ಮುಂದಿನ ಸೈಟುಗಳ ನಡುವಿನ ಅಂತರ ಕಮ್ಮಿ. ಕೂದಲೆಳೆ ತಪ್ಪಿದ್ರೂ ಹಾಳೆ ಮೇಲೆ ಗೇಣು ದೂರ ಹೋಗುತ್ತೆ. ಖುಷಿಗೆ ಬೇಕಾಗಿರೋದು ನಾಲ್ಕರಿಂದ ಆರು ಇಂಚು ಬ್ಯಾರಲ್, ಸ್ವಲ್ಪ ತೂಕ, ಕೈತುಂಬ ಹಿಡಿ. ಸಾಧ್ಯವಾದ್ರೆ ತಿರುಗಿಸಿ ಸರಿಪಡಿಸಬಹುದಾದ ಹಿಂದಿನ ಸೈಟ್.

ನನ್ನನ್ನ ಕೇಳಿದ್ರೆ ಮೊದಲನೇದು ಸಿಂಗಲ್ ಆ್ಯಕ್ಷನ್ ಆಗಿರಲಿ. ಅದರ ನಿಧಾನವೇ ಮೇಷ್ಟ್ರು. ಆರು ಗುಂಡು ಮುಗಿಯೋಷ್ಟರಲ್ಲಿ ಪ್ರತಿಯೊಂದೂ ಎಲ್ಲಿ ಹೋಯ್ತು ಅಂತ ಯೋಚನೆ ಮಾಡಿರ್ತೀರಿ.

ಹಳೇದು ಕೊಳ್ಳೋರಿಗೊಂದು ಎಚ್ಚರಿಕೆ. 1973ಕ್ಕಿಂತ ಹಿಂದಿನ ಸಿಂಗಲ್-ಸಿಕ್ಸ್ ಕೆಳಗೆ ಬಿದ್ರೆ ಸಿಡಿಯೋ ಅಪಾಯ ಇದೆ. ಅದಕ್ಕೇ ಹ್ಯಾಮರ್ ಕೆಳಗಿನ ಚೇಂಬರ್ ಖಾಲಿ ಬಿಟ್ಟು ಐದೇ ತುಂಬೋದು. .22 ಮ್ಯಾಗ್ನಮ್‌ಗೆ ಅಂತ ಇನ್ನೊಂದು ಸಿಲಿಂಡರ್ ಕೊಟ್ಟಿದ್ರೆ ಅದಕ್ಕೆ ಮಾಮೂಲಿ .22 ಹಾಕಬೇಡಿ, ತೋಟಾ ಒಡೆಯುತ್ತೆ.

ಇನ್ನು ಶಿಸ್ತು. ಸಣ್ಣ ಗುಂಡು ಅಂತ ಸಸಾರ ಬೇಡ, ಇದೂ ಜೀವ ತೆಗೆಯುತ್ತೆ. ಬ್ಯಾರಲ್ ಯಾವಾಗಲೂ ಗುರಿ ಕಡೆಗೆ. ಹೊಡೆಯೋ ತನಕ ಬೆರಳು ಟ್ರಿಗರ್‌ನಿಂದ ಹೊರಗೆ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ. ಸಿಲಿಂಡರ್ ಮತ್ತು ಬ್ಯಾರಲ್ ನಡುವಿನ ಸಂದಿಯಿಂದ ಬಿಸಿ ಅನಿಲ, ಸೀಸದ ಚೂರು ಪಕ್ಕಕ್ಕೆ ಹಾರ್ತವೆ, ಆ ಕಡೆ ಇನ್ನೊಂದು ಕೈಯ ಬೆರಳು ಹೋಗಬಾರದು. 'ಟಕ್' ಅಂದು ಸಿಡೀಲಿಲ್ಲ ಅಂದ್ರೆ 30 ಸೆಕೆಂಡ್ ಹಾಗೇ ಗುರಿ ಕಡೆ ಹಿಡಿದಿರಿ, ಇಣುಕಬೇಡಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಸಮೋಸಾ ಮುಟ್ಟಿ, ಸೀಸ ಹೊಟ್ಟೆಗೆ ಹೋಗಬಾರದು. ಮನೆಯಲ್ಲಿ ಬಂದೂಕಿಗೆ ಬೀಗ, ಗುಂಡಿಗೆ ಬೇರೆ ಬೀಗ. ಮಕ್ಕಳಿರೋ ಮನೆ ಆದ್ರೆ ಇದರಲ್ಲಿ ರಾಜಿಯೇ ಇಲ್ಲ.

ಊರಲ್ಲಿ ಕೇಳ್ತಿರೋರಿಗೆ ಒಂದು ಮಾತು. ನಮ್ಮ ದೇಶದಲ್ಲಿ ರಿವಾಲ್ವರ್ ಟೈಮ್‌ಪಾಸ್ ವಸ್ತು ಅಲ್ಲ, ಲೈಸೆನ್ಸ್ ಬೇಕು. ಆದ್ರೆ ಇದೇ ಪಾಠ 10 ಮೀಟರ್ ಏರ್ ಪಿಸ್ತೂಲ್‌ನಲ್ಲೂ ಸಿಗುತ್ತೆ. ಮನು ಭಾಕರ್ 2024ರ ಪ್ಯಾರಿಸ್‌ನಲ್ಲಿ ಕಂಚು ಗೆದ್ದಿದ್ದು ಅದರಲ್ಲೇ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ಗೆ ಹೋಗಿದ್ದೂ ಪಿಸ್ತೂಲ್ ಹಿಡಿದೇ. ಹತ್ತಿರದ ಕೋಚಿಂಗ್ ರೇಂಜ್‌ಗೆ ಒಂದು ದಿನ ಹೋಗಿ ನೋಡಿ.

ಮೊದಲ ಸಲ ಹೋದಾಗ ಕೋಚ್‌ಗೆ ಹೇಳಿ, ನನಗೆ ಗೊತ್ತಾಗದ ಹಾಗೆ ಖಾಲಿ ಇಟ್ಟು ಕೊಡಿ ಅಂತ. ಪಿಸ್ತೂಲಿನ ತುದಿ ಅಲುಗಾಡದೆ ನಿಂತ್ರೆ, ಬೆಚ್ಚೋದು ಬಿಟ್ಟಿದ್ದೀರಿ ಅಂತ ಲೆಕ್ಕ.